ಮರದ ಹೊಟ್ಟಿನಲ್ಲಿ ಉಳಿದ ಗುರುತು

ಅಮೃತೂರಿನ ಕಡೆಯ ಬಡಗಿಗೆ ಹಲಸಿನ ಹಲಗೆಯ ಗುರುತು ಹಿಡಿಯಲು ಉಜ್ಜುಗೊರಡು ಎರಡು ಸಲ ಆಡಿದರೆ ಸಾಕು. ಹೊಸದಾಗಿ ಕೊಯ್ದದ್ದಾದರೆ ಅರಿಸಿನದ ಬಣ್ಣ, ಹಳೆಯದಾದರೆ ಕಂದು. ತೇಗವಾದರೆ ಕೈಗೆ ಜಿಡ್ಡು, ಮೂಗಿಗೆ ಅದರದೇ ವಾಸನೆ. ಅದೇ ಮರ ನುಣ್ಣನೆ ಪುಡಿಯಾಗಿ ಪೊಟ್ಟಣದಲ್ಲಿ ಬಂದರೆ ಎಳೆಯೂ ಇಲ್ಲ, ರಂಧ್ರವೂ ಇಲ್ಲ.

ಆದರೂ ರಸಾಯನ ಉಳಿದಿರುತ್ತದೆ. ಅಣುವಿನೊಳಗಿನ ಬಂಧಗಳು ಸ್ಪ್ರಿಂಗಿನ ಹಾಗೆ ಅದುರುತ್ತಿರುತ್ತವೆ. 1800ರಲ್ಲಿ ವಿಲಿಯಂ ಹರ್ಷೆಲ್ ಕಂಡುಹಿಡಿದ ಅವಗೆಂಪು ಕಿರಣ ಹಾಯಿಸಿದರೆ, ಅವು ತಂತಮ್ಮ ಅದುರಾಟಕ್ಕೆ ಹೊಂದುವ ಅಲೆಗಳನ್ನಷ್ಟೇ ಹೀರುತ್ತವೆ. ಯಾವ ಅಲೆ ಎಷ್ಟು ಕಡಿಮೆಯಾಯಿತೆಂದು ಬರೆದಿಟ್ಟ ಗೆರೆಯೇ ಆ ಮರದ ಅವಗೆಂಪು ರೋಹಿತ.

ಕೆಲಸ ಬೇಡುವುದು ಚಿಟಿಕೆಗಿಂತ ಕಡಿಮೆ ಹೊಟ್ಟು. ಒಂದೆರಡು ಮಿಲಿಗ್ರಾಂ ಪುಡಿಗೆ ಅದರ ನೂರು ಪಟ್ಟು ಪೊಟ್ಯಾಸಿಯಂ ಬ್ರೋಮೈಡ್ ಎಂಬ ಉಪ್ಪು ಬೆರೆಸಿ, ಅಗೇಟ್ ಕಲ್ಲಿನ ಪುಟ್ಟ ಒರಳಿನಲ್ಲಿ ಅರೆದು ಬಲವಾಗಿ ಒತ್ತಿದರೆ ಗುಳಿಗೆಯಂಥ ತೆಳು ಬಿಲ್ಲೆ ಸಿಗುತ್ತದೆ. ಈ ಉಪ್ಪು ಅವಗೆಂಪಿಗೆ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ತೇವ. ನೀರು ತಾನೇ ಸಾಕಷ್ಟು ಕಿರಣ ಹೀರಿ ಮರದ ಸುಳಿವನ್ನು ಮುಚ್ಚಿಬಿಡುತ್ತದೆ; ಹೊಟ್ಟನ್ನು ಚೆನ್ನಾಗಿ ಒಣಗಿಸಲೇಬೇಕು.

ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಕೆ.ಕೆ. ಪಾಂಡೆ 1999ರಲ್ಲಿ ಮೆದು ಮರ, ಗಟ್ಟಿ ಮರಗಳ ರಾಸಾಯನಿಕ ರಚನೆಯನ್ನು ಹೀಗೆ ಓದಿ ಪ್ರಕಟಿಸಿದ ಪ್ರಬಂಧವನ್ನು ಜಗತ್ತಿನ ಮರ ವಿಜ್ಞಾನಿಗಳು ಇಂದಿಗೂ ಉಲ್ಲೇಖಿಸುತ್ತಾರೆ. ಯಂತ್ರದ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮತ್ತು ಹಿತ್ತಲಿನ ಹಲಸು ಇವೆರಡರ ಲಿಗ್ನಿನ್, ಅಂದರೆ ಮರದ ನಾರುಗಳನ್ನು ಬೆಸೆಯುವ ಅಂಟಿನಂಥ ವಸ್ತು, ಬೇರೆ ಬೇರೆ. ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಹಿಡಿಸುತ್ತವೆಂಬ ಲೆಕ್ಕದಲ್ಲಿ, ಪೈನಿನಂಥ ಮೆದು ಮರದ ಲಿಗ್ನಿನ್ ಶಿಖರ ಸುಮಾರು 1510ರಲ್ಲಿ, ಗಟ್ಟಿ ಮರದ್ದು ಸುಮಾರು 1505ರಲ್ಲಿ ಏಳುತ್ತದೆ. ಸುಮಾರು 1740ರ ಶಿಖರವಂತೂ ಗಟ್ಟಿ ಮರದಲ್ಲಿ ಎದ್ದು ಕಾಣುತ್ತದೆ.

ಹಲಸು, ತೇಗ ಎರಡೂ ಗಟ್ಟಿ ಮರ. ಇಲ್ಲಿಂದ ಮುಂದೆ ಕೆಲಸ ಸೂಕ್ಷ್ಮವಾಗುತ್ತದೆ. ಗೆರೆಗಳು ಒಂದರ ಮೇಲೊಂದು ಕೂರುವಷ್ಟು ಹತ್ತಿರ, ಬರಿಗಣ್ಣು ಸೋಲುತ್ತದೆ. ನೂರಾರು ಬಿಂದುಗಳನ್ನು ಒಟ್ಟಿಗೆ ತೂಗಿ ಗುಂಪು ಮಾಡಲು ಕಂಪ್ಯೂಟರಿನ ಸಂಖ್ಯಾಶಾಸ್ತ್ರ ಬೇಕು. ಈ ಸೂಕ್ಷ್ಮ ಯಾಕೆ ಮುಖ್ಯವೆಂದರೆ, ರಕ್ತಚಂದನ ಮತ್ತು ಹೊನ್ನೆ ಒಂದೇ ಕುಲದ ಮರಗಳು. 1995ರಿಂದ ರಕ್ತಚಂದನದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಕಡಿವಾಣವಿದೆ. ತಪ್ಪು ಗುರುತಿನಿಂದ ನಿರಪರಾಧಿಯೊಬ್ಬ ಸಿಕ್ಕಿಬೀಳಬಾರದು, ಕಳ್ಳನೂ ತಪ್ಪಿಸಿಕೊಳ್ಳಬಾರದು.

ಇನ್ನೊಂದು ತೊಡಕು ಮರದೊಳಗೇ ಇದೆ. ಒಂದೇ ಮರದ ಚೇಗಿನ ರಸಾಯನಕ್ಕೂ ಅದರ ಸುತ್ತಲಿನ ಬಿಳಿ ಭಾಗದ ರಸಾಯನಕ್ಕೂ ವ್ಯತ್ಯಾಸವುಂಟು. ಹೀಗಾಗಿ ಅಮೃತೂರಿನ ಹಲಸನ್ನು ಯಂತ್ರ ಹಲಸೆಂದೇ ಹೇಳಬೇಕಾದರೆ, ಎಲೆ, ಹೂ, ಕಾಯಿ ನೋಡಿ ಖಚಿತಪಡಿಸಿದ ಹಲವು ಹಲಸಿನ ಮರಗಳ ಚೇಗಿನ ಚೂರು ಮತ್ತು ಬಿಳಿಯ ಚೂರು, ಬೆಳೆದ ಊರಿನ ಹೆಸರಿನೊಂದಿಗೆ, ಹೋಲಿಸಿ ನೋಡಲೆಂದು ಮೊದಲೇ ಪ್ರಯೋಗಾಲಯದ ಕಪಾಟಿನಲ್ಲಿ ಸೇರಿರಬೇಕು.