ಬಸ್ಸಾರಿನ ಕಟ್ಟೂ ಆಸ್ಪತ್ರೆಯ ಪಥ್ಯವೂ

ಆಸ್ಪತ್ರೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವವರು ಡಾಕ್ಟರು ಮತ್ತು ನರ್ಸಮ್ಮ. ರೋಗಿಯ ಊಟವನ್ನು ತೂಕಮಾಡಿ, ಲೆಕ್ಕ ಹಾಕಿ ಬರೆದುಕೊಡುವುದಕ್ಕೆಂದೇ ಅಲ್ಲಿ ಒಬ್ಬರು ಇರುತ್ತಾರೆಂಬುದು ನಮ್ಮ ತಾಳವಾಡಿ ಸೀಮೆಯ ಅನೇಕರಿಗೆ ತಿಳಿಯದು. ಇಪ್ಪತ್ತು ವರ್ಷ ಮಕ್ಕಳಿಗೆ ಆಹಾರದ ಪಾಠ ಹೇಳಿದ ನಮಗೂ 2023ರ ಬೇಸಿಗೆಯವರೆಗೆ ಅದು ಸರಿಯಾಗಿ ತಿಳಿದಿರಲಿಲ್ಲ. ತಿಳಿದದ್ದು ಪೆಟ್ಟು ತಿಂದ ಮೇಲೆ.

ನಮ್ಮ ದೊಡ್ಡಪ್ಪನ ಮಗ, ಅಣ್ಣನವರು, ಅರವತ್ತು ದಾಟಿದ ಬೇಸಾಯಗಾರರು. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಅವರ ಮೂತ್ರಪಿಂಡಗಳು ಕುಗ್ಗಿದ್ದವು. ಕೊಯಮುತ್ತೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮಾತ್ರೆಗಳ ಜೊತೆಗೆ ಒಂದು ಪಥ್ಯದ ಹಾಳೆಯನ್ನೂ ಕೊಟ್ಟಿದ್ದರು. ಹಾಳೆ ತಮಿಳಿನಲ್ಲಿತ್ತು. ಅಣ್ಣನವರು ಓದಿದ್ದು ಕನ್ನಡ ನಾಲ್ಕನೆಯ ತರಗತಿ. ನಾವು ತಮಿಳನ್ನು ಅಕ್ಷರ ಕೂಡಿಸಿ ಓದಬಲ್ಲವರಾದ್ದರಿಂದ ಅತ್ತಿಗೆಯವರಿಗೆ ಓದಿ ಹೇಳಿದೆವು: ಉಪ್ಪು ಕಡಿಮೆ ಮಾಡಿ, ಬಾಳೆಹಣ್ಣು ಬೇಡ, ಸೊಪ್ಪು ತರಕಾರಿಗಳನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದು ತಿನ್ನಿ.

“ಬಸಿಯೋದು ನಮಗೇನು ಹೊಸದಾ ಮೇಷ್ಟ್ರೇ? ದಿನಾ ಮಾಡೋದೇ ಅಲ್ವಾ?” ಎಂದರು ಅತ್ತಿಗೆ. ಹಾಗೆಯೇ ಮಾಡಿದರು ಕೂಡ. ಬಸಿದ ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡಿದರು. ಬಸಿದ ಕಟ್ಟಿಗೆ ಖಾರ ಅರೆದು ಹಾಕಿ ಎಂದಿನಂತೆ ಬಸ್ಸಾರು ಮಾಡಿ ಮುದ್ದೆಯ ಮೇಲೆ ಹುಯ್ದರು! ಬಿಸಿಲಿಗೆ ತಂಪೆಂದು ಮನೆಯ ಮರದ ಎಳನೀರು ದಿನಕ್ಕೆ ಎರಡು. ಇದರ ಮೇಲೆ, ಬಿ.ಪಿ. ಇರುವವರಿಗೆ ಒಳ್ಳೆಯದೆಂದು ಅಂಗಡಿಯವನು ಹೇಳಿದ ‘ಸೋಡಿಯಂ ಕಡಿಮೆ’ ಉಪ್ಪಿನ ಪೊಟ್ಟಣ. ಅದನ್ನು ತಂದುಕೊಟ್ಟವರು ನಾವೇ.

ಮೂರು ವಾರ ಕಳೆದಿರಬೇಕು. ಒಂದು ಬೆಳಗ್ಗೆ ಅಣ್ಣನವರಿಗೆ ಕಾಲಲ್ಲಿ ಬಲವಿಲ್ಲದೆ ಹಾಸಿಗೆಯಿಂದ ಏಳಲಾಗಲಿಲ್ಲ. ಕಾರು ಮಾಡಿಕೊಂಡು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಕೊಯಮುತ್ತೂರು ಮುಟ್ಟುವಷ್ಟರಲ್ಲಿ ನಾಡಿ ತಪ್ಪಿ ತಪ್ಪಿ ಬಡಿಯುತ್ತಿತ್ತು. ರಕ್ತದಲ್ಲಿ 3.5ರಿಂದ 5ರೊಳಗೆ ಇರತಕ್ಕ ಪೊಟ್ಯಾಸಿಯಂ 6.8ಕ್ಕೆ ಏರಿದೆ, ಇನ್ನಷ್ಟು ಏರಿದ್ದರೆ ಹೃದಯವೇ ನಿಲ್ಲುತ್ತಿತ್ತು ಎಂದರು. ಆ ರಾತ್ರಿ ಸೂಜಿಮದ್ದುಗಳಿಂದ ಅದನ್ನು ಇಳಿಸಿದರು.

ಮಾರನೆಯ ದಿನ ಡಾಕ್ಟರ ಹಿಂದೆಯೇ ಒಬ್ಬ ಹೆಣ್ಣುಮಗಳು ಬಂದು ಮಂಚದ ಪಕ್ಕದಲ್ಲಿ ಕುಳಿತರು. ಆಸ್ಪತ್ರೆಯ ಡಯಟೀಷಿಯನ್, ಎಂದರೆ ಪಥ್ಯಾಹಾರ ತಜ್ಞೆ. ಕೊಯಮುತ್ತೂರಿನಲ್ಲಿ ತಲೆಮಾರುಗಳಿಂದ ನೆಲೆಸಿ ಮನೆಯಲ್ಲಿ ಕನ್ನಡವಾಡುವ ದೇವಾಂಗ ನೇಕಾರರ ಕುಟುಂಬಗಳುಂಟಷ್ಟೆ. ಆಕೆ ಅಂಥ ಮನೆಯವರು. ಕನ್ನಡ ಓದಲು ಬಾರದು, ಮಾತು ಬರುತ್ತದೆ. ಅದು ನಮ್ಮ ಭಾಗ್ಯ.

ಆಕೆ ಏನು ತಿನ್ನಬಾರದೆಂದು ಮೊದಲು ಹೇಳಲಿಲ್ಲ. ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಬಾಯಿಗೆ ಹೋಯಿತೆಂದು ಕೇಳಿದರು. ಚೀಲದಿಂದ ಅಳತೆಯ ಬಟ್ಟಲು, ಲೋಟ, ಚಮಚಗಳನ್ನು ತೆಗೆದಿಟ್ಟು, “ಅಣ್ಣಾ, ಸಾರು ಇದರಲ್ಲಿ ಎಷ್ಟು? ಮುದ್ದೆ ಎಷ್ಟು ದಪ್ಪ, ಕೈಯಲ್ಲಿ ತೋರಿಸಿ” ಎಂದರು. ಅಣ್ಣನವರು ಎರಡು ಕೈಯನ್ನೂ ಸೇರಿಸಿ ತೋರಿಸಿದರು. ಆಕೆ ನಗಲಿಲ್ಲ, ಬರೆದುಕೊಂಡರು. ಬಸ್ಸಾರಿನ ವಿಷಯಕ್ಕೆ ಬಂದಾಗ ಲೇಖನಿ ನಿಂತಿತು.

“ಬಸಿದ ನೀರು ಏನು ಮಾಡಿದಿರಿ?”

“ಅದೇ ಕಣವ್ವ ಸಾರು” ಎಂದರು ಅತ್ತಿಗೆ.

ಸೊಪ್ಪಿನಲ್ಲಿರುವ ಪೊಟ್ಯಾಸಿಯಂ ನೀರಿನಲ್ಲಿ ಕರಗತಕ್ಕ ವಸ್ತು. ಬೇಯಿಸಿದಾಗ ಅದರಲ್ಲಿ ಬಹುಪಾಲು ನೀರಿಗೆ ಇಳಿಯುತ್ತದೆ. ಆ ನೀರನ್ನು ಚೆಲ್ಲಿದರೆ ಮಾತ್ರ ಪಥ್ಯ. ನಾವು ಸೊಪ್ಪನ್ನು ಬಸಿದು, ಬೇಡವಾದುದನ್ನೆಲ್ಲ ಒಟ್ಟುಗೂಡಿಸಿ ಕುಡಿಸಿದ್ದೆವು. ನಮಗೆ ಹೆಚ್ಚು ನಾಚಿಕೆಯಾದುದು ಇನ್ನೊಂದು ಕಾರಣಕ್ಕೆ. ತರಕಾರಿ ಬೇಯಿಸಿದ ನೀರನ್ನು ಚೆಲ್ಲಬಾರದು, ಸತ್ವ ಹೋಗುತ್ತದೆ ಎಂದು ಶಾಲೆಯಲ್ಲಿ ವರ್ಷವರ್ಷವೂ ಪಾಠ ಹೇಳುವವರು ನಾವೇ. ಪಾಠವೇನೂ ಸುಳ್ಳಲ್ಲ, ಮೂತ್ರಪಿಂಡ ಸರಿಯಾಗಿರುವವರಿಗೆ ಬಸ್ಸಾರು ಉತ್ತಮ ಆಹಾರ, ಅವರು ಕಟ್ಟನ್ನು ಚೆಲ್ಲಬೇಕಾಗಿಲ್ಲ. ಕೆಟ್ಟ ಮೂತ್ರಪಿಂಡವು ಪೊಟ್ಯಾಸಿಯಮನ್ನು ಹೊರಹಾಕಲಾರದು, ಅದು ರಕ್ತದಲ್ಲೇ ನಿಲ್ಲುತ್ತದೆ.

ಅಣ್ಣನವರು ಮಲಗಿದಲ್ಲಿಂದಲೇ, “ಅದೇನವ್ವ ಪೊಟ್ಯಾಷು? ಗೊಬ್ಬರದ ಪೊಟ್ಯಾಷಾ?” ಎಂದರು. ಹೌದು, ಅದರಲ್ಲಿರುವುದೇ ಎಂದರು ಆಕೆ. ಬಾಳೆ, ತೆಂಗು ಎರಡೂ ಭೂಮಿಯಿಂದ ಪೊಟ್ಯಾಷನ್ನು ಬಹಳವಾಗಿ ಎಳೆಯುವ ಬೆಳೆಗಳೆಂದು ರೈತರೆಲ್ಲ ಬಲ್ಲರು. ಎಳೆದದ್ದು ಹಣ್ಣಿಗೂ ಎಳನೀರಿಗೂ ಬರುತ್ತದೆ. ಒಂದು ಒಳ್ಳೆಯ ಗಾತ್ರದ ಎಳನೀರಿನಲ್ಲಿ ಸುಮಾರು ಅರ್ಧ ಗ್ರಾಂ ಪೊಟ್ಯಾಸಿಯಂ ಇದೆ. ಅಣ್ಣನವರಿಗೆ ಇಡೀ ದಿನಕ್ಕೆ ಆಕೆ ಗೊತ್ತುಮಾಡಿದ್ದು ಎರಡು ಗ್ರಾಂ. ಇನ್ನು ಆ ಉಪ್ಪಿನ ಪೊಟ್ಟಣ! ಸೋಡಿಯಂ ತೆಗೆದ ಜಾಗಕ್ಕೆ ಅದರಲ್ಲಿ ಸೇರಿಸಿರುವುದು ಪೊಟ್ಯಾಸಿಯಂ ಕ್ಲೋರೈಡು. ನಾವು ಬಾಳೆಯ ಬುಡಕ್ಕೆ ಸುರಿಯುವ ಮ್ಯೂರಿಯೇಟ್ ಆಫ್ ಪೊಟ್ಯಾಷೂ ಅದೇ ಲವಣ. ಮೂತ್ರಪಿಂಡದ ತೊಂದರೆಯುಳ್ಳವರು ಡಾಕ್ಟರನ್ನು ಕೇಳದೆ ಅಂಥ ಉಪ್ಪನ್ನು ಮುಟ್ಟಕೂಡದು.

ಐದು ದಿನ ವಾರ್ಡಿನಲ್ಲಿದ್ದುದರಿಂದ ಆಕೆಯ ಕೆಲಸವನ್ನು ಹತ್ತಿರದಿಂದ ನೋಡಿದೆವು. ಬೆಳಗ್ಗೆ ಹೊಸದಾಗಿ ಸೇರಿದವರ ಎತ್ತರ, ತೂಕ, ಈಚೆಗೆ ಎಷ್ಟು ಸೊರಗಿದ್ದಾರೆಂಬುದನ್ನು ಗುರುತುಹಾಕಿಕೊಳ್ಳುವರು. ರಕ್ತಪರೀಕ್ಷೆಯ ವರದಿ ನೋಡುವರು. ಇವರಿಗೆ ಇಷ್ಟು ಶಕ್ತಿ, ಇಷ್ಟು ಸಸಾರಜನಕ, ಇಷ್ಟು ಉಪ್ಪು, ಇಷ್ಟು ನೀರು ಎಂದು ಲೆಕ್ಕ ಬರೆದು ಅಡಿಗೆಮನೆಗೆ ಕಳುಹಿಸುವರು. ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕಿರೆಂದು ಕೃಷಿ ಅಧಿಕಾರಿಗಳು ಹೇಳುವುದೂ ನಾವು ಕೇಳದಿರುವುದೂ ಆಗ ನೆನಪಾಯಿತು. ಊಟದ ತಟ್ಟೆಗಳಿಗೆಲ್ಲ ಹೆಸರಿನ ಚೀಟಿ. ಒಂದೇ ಸಾಲಿನ ಹತ್ತು ಮಂಚಕ್ಕೆ ಹತ್ತು ಬಗೆ. ತಟ್ಟೆ ಹಿಂತಿರುಗಿದಾಗ ಏನು ಮಿಕ್ಕಿದೆಯೆಂದೂ ಆಕೆ ನೋಡುತ್ತಿದ್ದರು. ಬರೆದುಕೊಟ್ಟ ಊಟ ಹೊಟ್ಟೆಗೆ ಹೋಗದಿದ್ದರೆ ಬರೆದು ಪ್ರಯೋಜನವೇನು?

ಪಕ್ಕದ ಮಂಚದಲ್ಲಿ ಗಂಟಲು ರೋಗದ ಒಬ್ಬ ಅಜ್ಜಿ. ಹತ್ತು ದಿನ ಏನೂ ನುಂಗಲಾರದೆ ಬಂದಿದ್ದರು. ಮೂಗಿನ ಕೊಳವೆಯಲ್ಲಿ ಸ್ವಲ್ಪ ಸ್ವಲ್ಪವೇ ಅಳತೆಯ ದ್ರವಾಹಾರ ಕೊಡುತ್ತಿದ್ದರು. ಹಸಿದ ಜೀವಕ್ಕೆ ಇಷ್ಟೇ ಏನು ಎಂದು ಮಗ ಜಗಳಕ್ಕೇ ನಿಂತ. ಬಹುದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೆ ತುಂಬ ಉಣಿಸಿದರೆ ರಕ್ತದ ರಂಜಕ, ಪೊಟ್ಯಾಸಿಯಂಗಳು ಇದ್ದಕ್ಕಿದ್ದಂತೆ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಬೇಕು. ಆಕೆ ಇದನ್ನು ಆತನಿಗೆ ಮೂರು ಸಲ ತಾಳ್ಮೆಯಿಂದ ಹೇಳಿದುದನ್ನು ಕೇಳಿದೆವು. ಅಣ್ಣನವರಿಗೆ ಪೊಟ್ಯಾಸಿಯಂ ಇಳಿಸಬೇಕು, ಎರಡು ಮಾರು ಆಚೆ ಅಜ್ಜಿಗೆ ಇಳಿಯದಂತೆ ಕಾಯಬೇಕು!

ಇಂಥ ಲೆಕ್ಕಕ್ಕೆ ಬೇಕಾದ ಅಂಕಿಗಳು ಎಲ್ಲಿಂದ ಬಂದವೆಂದು ಕೇಳಿದಾಗ ಆಕೆ ಹೇಳಿದ ಊರು ನಮಗೆ ನೆರೆಯದೇ: ನೀಲಗಿರಿಯ ಕೂನೂರು. ಅಲ್ಲಿಯ ಪಾಶ್ಚರ್ ಸಂಸ್ಥೆಯಲ್ಲಿ 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ಶೋಧನೆಗೆ ತೊಡಗಿದರು. ನಾನಾ ಪ್ರಾಂತಗಳವರ ಊಟವನ್ನು ಇಲಿಗಳಿಗೆ ತಿನ್ನಿಸಿ ಯಾವುದರಿಂದ ಹೇಗೆ ಬೆಳೆಯುತ್ತವೆಂದು ನೋಡಿದರು. ಅವರ ತರುವಾಯ ಬಂದ ಆಯ್ಕ್ರಾಯ್ಡ್ ಅವರ ಕಾಲದಲ್ಲಿ, 1937ರಲ್ಲಿ, ನಮ್ಮ ದೇಶದ ಧಾನ್ಯ ತರಕಾರಿಗಳ ಸತ್ವದ ಪಟ್ಟಿ ಅಚ್ಚಾಯಿತು. ಆ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಹೋಯಿತು. ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. 2017ರಲ್ಲಿ ಅದು ಹೊರತಂದ ಪಟ್ಟಿಯಲ್ಲಿ 528 ಆಹಾರ ವಸ್ತುಗಳಿವೆ.

ಆ ಪಟ್ಟಿಯಲ್ಲಿ ನಮ್ಮ ರಾಗಿಯನ್ನು ಹುಡುಕಿದೆವು. 100 ಗ್ರಾಂ ರಾಗಿಯಲ್ಲಿ ಸುಣ್ಣದಂಶ 364 ಮಿಲಿಗ್ರಾಂ. ಪಾಲಿಶ್ ಅಕ್ಕಿಯಲ್ಲಿ ಹತ್ತೂ ಇಲ್ಲ. ಹೆಮ್ಮೆಯಾಯಿತು. ಆದರೆ ಶರ್ಕರಪಿಷ್ಟ ರಾಗಿಯಲ್ಲಿ 67 ಗ್ರಾಂ, ಅಕ್ಕಿಯಲ್ಲಿ 78. ರಾಗಿ ತಿಂದರೆ ಸಕ್ಕರೆ ಏರುವುದೇ ಇಲ್ಲವೆಂದು ಎರಡು ಕೈಗಾತ್ರದ ಮುದ್ದೆ ನುಂಗುವವರು ಇದನ್ನು ಗಮನಿಸಬೇಕು. ಪೊಟ್ಯಾಸಿಯಮ್ಮಾದರೋ ರಾಗಿಯಲ್ಲಿ ಅಕ್ಕಿಗಿಂತ ನಾಲ್ಕು ಪಟ್ಟು. ಮುದ್ದೆಯನ್ನು ಅನ್ನದಂತೆ ಬಸಿಯಲೂ ಬರುವುದಿಲ್ಲ. ಕನಕದಾಸರ ರಾಮಧಾನ್ಯಚರಿತೆಯಲ್ಲಿ ಅಕ್ಕಿಯ ಮೇಲೆ ರಾಗಿ ಗೆದ್ದಿತು. ಮೂತ್ರಪಿಂಡದ ವಾರ್ಡಿನಲ್ಲಿ ಮಾತ್ರ ಬಸಿದ ಅನ್ನವೇ ಮುಂದು. ಅಣ್ಣನವರು ಇದನ್ನು ಒಪ್ಪಲು ಎರಡು ದಿನ ಹಿಡಿಯಿತು. ಕೊನೆಗೆ ಆಕೆಯೇ ವಾರಕ್ಕೆರಡು ಸಲ ನಿಂಬೆಗಾತ್ರಕ್ಕಿಂತ ಸ್ವಲ್ಪ ದೊಡ್ಡದೊಂದು ಮುದ್ದೆಗೆ ಲೆಕ್ಕದಲ್ಲಿ ಜಾಗ ಮಾಡಿಕೊಟ್ಟರು.

ಆಗ ಅವರಿಗೆ ಸಸಾರಜನಕ ದಿನಕ್ಕೆ ಸುಮಾರು 40 ಗ್ರಾಂ ಮಾತ್ರ, ಬೇಳೆ ಕಾಳು ಕಡಿಮೆ. ಮರುವರ್ಷ ಡಯಾಲಿಸಿಸ್ ಶುರುವಾದಾಗ ಅದೇ ತಜ್ಞೆ, ಮೊಟ್ಟೆಯ ಬಿಳಿ ತಿನ್ನಿ, ಸಸಾರಜನಕ ಹೆಚ್ಚಿಸಿ ಎಂದರು. ಇವರ ಮಾತಿಗೆ ನಿಲುಗಡೆಯಿಲ್ಲವೆಂದು ಅತ್ತಿಗೆ ಗೊಣಗಿದರು. ರಕ್ತವನ್ನು ಯಂತ್ರದಲ್ಲಿ ಶೋಧಿಸುವಾಗ ಸಸಾರಜನಕದ ಅಂಶವೂ ಸ್ವಲ್ಪ ಸೋರಿಹೋಗುವುದರಿಂದ ಲೆಕ್ಕ ಬದಲಾಯಿತೇ ಹೊರತು ಬೇರೇನಿಲ್ಲ. ಹಳೆಯ ಹಾಳೆಯನ್ನೇ ವರ್ಷಗಟ್ಟಲೆ ಗೋಡೆಗೆ ಅಂಟಿಸಿಕೊಳ್ಳುವುದೂ, ಒಬ್ಬರ ಹಾಳೆಯನ್ನು ಇನ್ನೊಬ್ಬರು ನಕಲು ಮಾಡಿಕೊಳ್ಳುವುದೂ ತಪ್ಪೆಂದು ಇದರಿಂದ ತಿಳಿಯಬಹುದು.

ಈ ಕೆಲಸಕ್ಕೆ ಪೋಷಣಶಾಸ್ತ್ರದ ಪದವಿ, ಆಮೇಲೆ ಉನ್ನತ ವ್ಯಾಸಂಗ, ಆಸ್ಪತ್ರೆಯಲ್ಲಿ ತರಬೇತಿ ಬೇಕು. ಭಾರತೀಯ ಪಥ್ಯಾಹಾರ ಸಂಘದ ಪರೀಕ್ಷೆ ಗೆದ್ದವರು ನೋಂದಾಯಿತ ತಜ್ಞರೆನಿಸುತ್ತಾರೆ. ಕೊಯಮುತ್ತೂರಿನ ಅವಿನಾಶಿಲಿಂಗಂ ಮಹಿಳಾ ಸಂಸ್ಥೆಯಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ಇದರ ವ್ಯಾಸಂಗವುಂಟು. ನಮ್ಮ ಸೀಮೆಯ ಹೆಣ್ಣುಮಕ್ಕಳು ನರ್ಸಿಂಗಿಗೆ ಹೋಗುತ್ತಿದ್ದಾರೆ. ಇತ್ತಲೂ ಒಬ್ಬಿಬ್ಬರು ಹೋದರೆ ಬಸ್ಸಾರೆಂದರೇನೆಂದು ವಾರ್ಡಿನಲ್ಲಿ ಯಾರೂ ಕೇಳಬೇಕಾಗುವುದಿಲ್ಲ.

ಮನೆಗೆ ಹೊರಡುವ ದಿನ ಆಕೆ ಹೇಳುತ್ತ ಹೋದರು, ನಾವು ಕನ್ನಡದಲ್ಲಿ ಬರೆಯುತ್ತ ಹೋದೆವು. ಮುದ್ದೆ, ಬಸ್ಸಾರು, ಉಪ್ಪೆಸರು, ಹುರುಳಿಕಟ್ಟು ಎಲ್ಲಕ್ಕೂ ಒಂದೊಂದು ಸಾಲು. ‘ಬಸಿದ ನೀರನ್ನು ಚೆಲ್ಲಿ, ಸಾರಿಗೆ ಬಳಸಬೇಡಿ’ ಎಂಬುದನ್ನು ದಪ್ಪಕ್ಷರದಲ್ಲಿ ಬರೆದೆವು. ನಕಲು ಮಾಡಿಸಿ ಐವತ್ತು ಪ್ರತಿಗಳನ್ನು ಆಕೆಗೆ ಕಳುಹಿಸಿದೆವು. ಮೂತ್ರಪಿಂಡದ ರೋಗಿಗಳಾಗಿ ಬೆಟ್ಟದ ಮೇಲಿಂದ ಬರುವವರಿಗೆ, ಅವರವರ ಅಳತೆಯನ್ನು ಕೈಯಲ್ಲಿ ತಿದ್ದಿ, ಆಕೆ ಅದನ್ನೇ ಕೊಡುತ್ತಿದ್ದಾರೆ. ಹೋದ ತಿಂಗಳು ಅಣ್ಣನವರ ಕೈಯಲ್ಲಿ ಹೇಳಿ ಕಳುಹಿಸಿದ್ದರು: ಹಾಳೆಗಳು ಮುಗಿದಿವೆ, ಇನ್ನೂ ಐವತ್ತು ಬೇಕು.