ಕಿರ್ದಿ ಸರಿ, ಕಾಟಾ ಸರಿಯೇ?

ಅಣ್ಣಿಗೇರಿಯ ದಲಾಲಿ ಅಂಗಡಿಯೊಂದಕ್ಕೆ ನಾನು ಹೋದದ್ದು ಆನ್‌ಲೈನ್ ಟೆಂಡರ್ ನೋಡಲಿಕ್ಕೆ. ಕೂತದ್ದು ಮಾತ್ರ ಅಟ್ಟದಿಂದ ಇಳಿಸಿದ ಹಳೆಯ ಕಿರ್ದಿಯ ಮುಂದೆ. ಕೆಂಪು ಬಟ್ಟೆಯ ರಟ್ಟು, ಮೊದಲ ಹಾಳೆಯಲ್ಲಿ ದೀಪಾವಳಿ ಪಾಡ್ಯದ ಕುಂಕುಮ. ಹೊರಗೆ ಹಮಾಲರು ಕಡಲೆ ಚೀಲ ಇಳಿಸುತ್ತಿದ್ದರು. ಒಳಗೆ ವಯಸ್ಸಾದ ದಿವಾನಜಿ ಪುಟ ತಿರುವುತ್ತಿದ್ದರು.

ಒಂದು ಬದಿ ಜಮಾ, ಇನ್ನೊಂದು ಬದಿ ಖರ್ಚು. ದಿನದ ಕೊನೆಗೆ ಉಳಿದ ಶಿಲ್ಕೇ ಮರುದಿನದ ಮೊದಲ ಸಾಲು. “ನಡುವಿನ ಒಂದು ಹಾಳಿ ಹರದು ಬ್ಯಾರೆ ಬರದು ಹಚ್ಚಿದ್ರ, ಮುಂದಿನ ಶಿಲ್ಕು ಒಂದೂ ಕೂಡಂಗಿಲ್ರಿ. ಕಳ್ಳ ಅಲ್ಲೇ ಸಿಗತಾನ,” ಎಂದರು.

ಬ್ಲಾಕ್‌ಚೈನ್ ನನಗೆ ಸಲೀಸಾಗಿ ತಿಳಿದದ್ದು ಆಗಲೇ. ಅಲ್ಲಿಯೂ ಲೆಕ್ಕದ ಒಂದೊಂದು ಕಂತು ತನ್ನ ಹಿಂದಿನ ಕಂತಿನಿಂದ ಗಣಿಸಿದ ಗುರುತೊಂದನ್ನು ಹೊತ್ತಿರುತ್ತದೆ. ಹಿಂದಿನದರಲ್ಲಿ ಒಂದಕ್ಷರ ತಿದ್ದಿದರೂ ಮುಂದಿನ ಗುರುತುಗಳೆಲ್ಲ ತಪ್ಪುತ್ತವೆ. ದಿವಾನಜಿ ಮನಸ್ಸು ಮಾಡಿದರೆ ಇಡೀ ಕಿರ್ದಿಯನ್ನೇ ಹೊಸದಾಗಿ ಬರೆಯಬಹುದು ಎಂಬ ತಕರಾರಿಗೂ ಉತ್ತರವಿದೆ: ಅದೇ ಲೆಕ್ಕದ ಪ್ರತಿ ಹಲವರ ಬಳಿ ಇರುತ್ತದೆ.

ಈ ಸರಪಳಿ ಲೆಕ್ಕವನ್ನು ಬಿಟ್‌ಕಾಯಿನ್‌ನ ಕೂಸು ಅನ್ನುವವರುಂಟು. ಬಿಟ್‌ಕಾಯಿನ್ ಪ್ರಬಂಧ ಹೊರಬಂದದ್ದು 2008ರಲ್ಲಿ. ಆದರೆ 1991ರಲ್ಲೇ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ್ಟಾ ಎಂಬ ಇಬ್ಬರು ಅಮೆರಿಕದಲ್ಲಿ ದಾಖಲೆಗಳನ್ನು ಹೀಗೆ ಸರಪಳಿ ಹಾಕುವ ಬಗೆಯನ್ನು ಬರೆದಿದ್ದರು. ನನಗೆ ಮೋಜೆನಿಸಿದ್ದು ಅವರ ಮುಂದಿನ ನಡೆ. 1995ರಿಂದ ವಾರಕ್ಕೊಮ್ಮೆ ಸರಪಳಿಯ ಗುರುತನ್ನು ಅವರ ಕಂಪನಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಅಚ್ಚು ಹಾಕಿಸತೊಡಗಿತು. ಎಲ್ಲಿ? ‘ಕಳೆದಿದೆ, ಸಿಕ್ಕಿದೆ’ ಜಾಹೀರಾತುಗಳ ಸಾಲಿನಲ್ಲಿ! ಲಕ್ಷಾಂತರ ಮನೆಗೆ ಹೋದ ಪತ್ರಿಕೆಯನ್ನು ವಾಪಸು ತರಿಸಿ ತಿದ್ದುವವರು ಯಾರು? ಕಂಪ್ಯೂಟರ್ ಲೆಕ್ಕಕ್ಕೆ ಕಾಗದದ ಪತ್ರಿಕೆ ಸಾಕ್ಷಿ ನಿಂತದ್ದನ್ನು ದಿವಾನಜಿಗೆ ಹೇಳಿದೆ. “ಅವರೂ ಕಾಗದಕ್ಕ ಬಂದ್ರಲ್ರಿ,” ಎಂದು ನಕ್ಕರು.

ಲೆಕ್ಕ ಒಬ್ಬನ ಕೈಯಲ್ಲೇ ಉಳಿಯದ ಏರ್ಪಾಟುಗಳು ನಮ್ಮ ಸೀಮೆಗೆ ಹೊಸವಲ್ಲ. ಗದಗದ ಕಣಗಿನಹಾಳದಲ್ಲಿ ಸಹಕಾರಿ ಸಂಘ ಹುಟ್ಟಿದ್ದು 1905ರಲ್ಲಿ. 2014ರಲ್ಲಿ ರಾಜ್ಯ ಸರಕಾರ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಕಂಪನಿ ಕಟ್ಟಿ ಎಪಿಎಂಸಿಗಳನ್ನು ಒಂದೇ ಜಾಲಕ್ಕೆ ತಂದಿತು. ಮಾಲಿಗೆ ಲಾಟ್ ನಂಬರು ಬೀಳುತ್ತದೆ, ಖರೀದಿದಾರರು ಪರಸ್ಪರರ ದರ ಕಾಣದಂತೆ ಬಿಡ್ ಹಾಕುತ್ತಾರೆ, ಹೆಚ್ಚಿನದನ್ನು ಯಂತ್ರವೇ ಆರಿಸುತ್ತದೆ. ಎರಡೇ ವರ್ಷಕ್ಕೆ ಕೇಂದ್ರ ಸರಕಾರದ ಆನ್‌ಲೈನ್ ಮಾರುಕಟ್ಟೆ ಇ-ನಾಮ್ ಬಂತು. 2019ರಲ್ಲಿ ಕಾಫಿ ಮಂಡಳಿ ಬ್ಲಾಕ್‌ಚೈನ್ ಮಾರುಕಟ್ಟೆಯನ್ನೇ ಪ್ರಯೋಗಕ್ಕಿಳಿಸಿತು.

ಬ್ಯಾಂಕ್ ಸಾಲದ ಬದಿಗೆ ಬಂದ ಸುಧಾರಣೆ 2017ರ ಎಲೆಕ್ಟ್ರಾನಿಕ್ ಗೋದಾಮು ರಸೀದಿ. ನೋಂದಾಯಿತ ಗೋದಾಮಿನಲ್ಲಿ ಕಡಲೆ ಇಟ್ಟ ರೈತ ಆ ರಸೀದಿಯನ್ನೇ ಒತ್ತೆ ಇಟ್ಟು ಸಾಲ ಪಡೆಯಬಹುದು. ಸುಗ್ಗಿಯ ಅಗ್ಗದ ದರಕ್ಕೆ ಮಾರಬೇಕಿಲ್ಲ. ಒತ್ತೆಯ ಗುರುತು ರಸೀದಿಗಳ ಡಿಜಿಟಲ್ ಭಂಡಾರದಲ್ಲಿ ಬೀಳುವುದರಿಂದ ಒಂದೇ ಚೀಲದ ಮೇಲೆ ಎರಡು ಬ್ಯಾಂಕಿನಲ್ಲಿ ಸಾಲ ಎತ್ತಲಾಗದು. ಇಷ್ಟಕ್ಕೆ ಬ್ಲಾಕ್‌ಚೈನ್ ಬೇಕೇ ಬೇಕೆಂದಿಲ್ಲ, ನಂಬಿಕಸ್ಥ ದಾಖಲೆಯೊಂದು ಸಾಕು ಎಂಬುದು ನನ್ನ ಅನಿಸಿಕೆ.

ಹೊರಡುವಾಗ ದಿವಾನಜಿ ಅಂಗಳದ ಕಾಟಾದ ಕಡೆ ಕೈ ತೋರಿಸಿದರು: “ಅದು ಸುಳ್ಳು ಹೇಳಿದ್ರ ನಿಮ್ಮ ಸರಪಳಿ ಏನ್ ಮಾಡತೈತ್ರಿ?” ಏನೂ ಮಾಡದು. ಸುಳ್ಳನ್ನೂ ಅಷ್ಟೇ ಭದ್ರವಾಗಿ ಕಾಯುತ್ತದೆ. ತೂಕದಲ್ಲಿ, ತೇವಾಂಶದಲ್ಲಿ, ದರ್ಜೆಯಲ್ಲಿ ಆದ ಮೋಸ ದಾಖಲೆಯಾದ ಮೇಲೆ ತಿದ್ದಲಾಗದ ಸತ್ಯವಾಗಿ ನಿಲ್ಲುತ್ತದೆ. ಮಂಡಿಗೆ ಕಾಳು ತರುವ ನವಲಗುಂದ, ಕುಂದಗೋಳ, ಕಲಘಟಗಿಯ ರೈತನ ಮೊದಲ ಅಗತ್ಯ ಆತನ ಕಣ್ಣೆದುರು ತೂಗುವ, ಆತನ ಕೈಗೇ ಚೀಟಿ ಕೊಡುವ ಕಾಟಾ. ಸರಕಾರ ಮೊದಲ ರೂಪಾಯಿಯನ್ನು ಅದಕ್ಕೆ ಹಾಕಲಿ. ಸರಪಳಿಯ ಮಾತು ಆಮೇಲೆ.