ಬೆನ್ನ ಮೇಲಿನ ನೀರು: ಚೀಲ, ಕೊಳವೆ ಮತ್ತು ಲೋಳೆ

ಅಮೆರಿಕದ ಟೆಕ್ಸಾಸ್‌ನಲ್ಲಿ ವಿಚಿಟಾ ಫಾಲ್ಸ್ ಎಂಬ ಊರಿದೆ. ಪ್ರತಿ ಆಗಸ್ಟ್‌ನ ಸುಡುಬಿಸಿಲಿನಲ್ಲಿ ಅಲ್ಲಿ ನೂರು ಮೈಲಿಯ, ಅಂದರೆ ಸುಮಾರು 160 ಕಿ.ಮೀ.ಗಳ ಸೈಕಲ್ ಸವಾರಿ ನಡೆಯುತ್ತದೆ. ತುರ್ತು ವೈದ್ಯಕೀಯ ಸೇವೆಯಲ್ಲಿದ್ದ ಮೈಕಲ್ ಐಡ್ಸನ್ 1980ರ ದಶಕದ ಕೊನೆಯಲ್ಲಿ ಈ ಸವಾರಿಗೆ ಹೊರಟಾಗ, ರೋಗಿಗಳಿಗೆ ಗ್ಲೂಕೋಸ್ ಏರಿಸುವ ಚೀಲಕ್ಕೆ ನೀರು ತುಂಬಿ, ಉದ್ದನೆಯ ಕಾಲುಚೀಲದೊಳಗೆ ತೂರಿಸಿ, ಅಂಗಿಯ ಬೆನ್ನಿಗೆ ಸಿಕ್ಕಿಸಿಕೊಂಡರು. ಕೊಳವೆಯನ್ನು ಹೆಗಲ ಮೇಲಿಂದ ಬಾಯಿಯ ಬಳಿಗೆ ತಂದುಕೊಂಡರು. ಕ್ಯಾಮೆಲ್‌ಬ್ಯಾಕ್ ಕಂಪನಿ ಹುಟ್ಟಿದ್ದು ಹೀಗೆ. ಇವತ್ತು ಕುಮಾರಪರ್ವತ ಹತ್ತುವವರ, ನಂದಿಬೆಟ್ಟಕ್ಕೆ ಸೈಕಲ್ ತುಳಿಯುವವರ ಬೆನ್ನ ಮೇಲೆ ಕಾಣುವ ಹೈಡ್ರೇಷನ್ ಪ್ಯಾಕ್ ಅದರದೇ ಸಂತತಿ.

ಚೀಲದ ರೂಪವೇನೋ ಆಸ್ಪತ್ರೆಯಿಂದ ಬಂತು, ಆಸ್ಪತ್ರೆಯ ಒಂದು ಕಟ್ಟುಪಾಡು ಮಾತ್ರ ಜೊತೆಗೆ ಬರಲಿಲ್ಲ. ಅಲ್ಲಿ ಒಬ್ಬ ರೋಗಿಗೆ ಬಳಸಿದ ಚೀಲ, ಕೊಳವೆ ಎರಡನ್ನೂ ಎಸೆದುಬಿಡುತ್ತಾರೆ. ನಾವು ಅದನ್ನೇ ವರ್ಷಗಟ್ಟಲೆ ತುಂಬಿ ತುಂಬಿ ಕುಡಿಯುತ್ತೇವೆ, ಅದೂ ಬಾಯಿ ಹಚ್ಚಿ. ಹಾಗಾಗಿ ತೊಳೆಯುವ ಹೊಣೆ ಪೂರ್ತಿ ನಮ್ಮದೇ.

ಕೊಳವೆಯ ತುದಿಯಲ್ಲಿ ಹಲ್ಲಿನಿಂದ ಒತ್ತಿ ನೀರು ಹೀರುವ ಸಿಲಿಕೋನ್ ತುಂಡಿದೆಯಲ್ಲ, ಬೈಟ್ ವಾಲ್ವ್, ಅದನ್ನು ಕಿತ್ತು ಒಳಹೊರಗು ಮಾಡಿ ಬೆಳಕಿಗೆ ಹಿಡಿದು ನೋಡಿ. ತಿಂಗಳುಗಟ್ಟಲೆ ತೊಳೆಯದ ವಾಲ್ವ್ ಆಗಿದ್ದರೆ, ಸೀಳಿನ ಅಂಚಿನಲ್ಲಿ ಮಾಸಲು ಪೊರೆಯೊಂದು ಕಾಣಬಹುದು. ಉಗುರಿನಿಂದ ಕೆರೆದರೆ ಜಾರುವ ಲೋಳೆ. ಕೆಲವೊಮ್ಮೆ ಅದಕ್ಕೆ ಗುಲಾಬಿ ಛಾಯೆ. ಬಚ್ಚಲುಮನೆಯ ಒದ್ದೆ ಮೂಲೆಗಳಲ್ಲಿ ಗುಲಾಬಿ ಬಣ್ಣ ಕಟ್ಟುವ ಸೆರೇಷಿಯಾ ಎಂಬ ಬ್ಯಾಕ್ಟೀರಿಯಾ ಇಲ್ಲೂ ನೆಲೆಯೂರಬಲ್ಲದು. ಕೊಳವೆಯೊಳಗೆ ಕಪ್ಪು ಚುಕ್ಕೆಗಳಿದ್ದರೆ ಬಹುಪಾಲು ಅದು ಬೂಷ್ಟು. ಚೀಲ ಅಷ್ಟಾಗಿ ಕೊಳಕಾಗಿರುವುದಿಲ್ಲ. ಪ್ರತಿ ಗುಟುಕಿನ ಬಳಿಕ ಎಂಜಲು ಬೆರೆತ ಒಂದಿಷ್ಟು ನೀರು ಹಿಂದಕ್ಕೆ ಸರಿಯುವುದು ಕೊಳವೆಗೆ. ಗಾಳಿಯಾಡದ, ಕೈ ತೂರದ ಜಾಗವೂ ಅದೇ.

ಈ ಲೋಳೆ ಬರೀ ಕೊಳೆಯಲ್ಲ. ಬ್ಯಾಕ್ಟೀರಿಯಾಗಳು ಗೋಡೆಗೆ ಅಂಟಿಕೊಂಡು, ತಾವೇ ಸ್ರವಿಸಿದ ಅಂಟಿನೊಳಗೆ ಹುದುಗಿ ಬಾಳುವ ವಸತಿ ಅದು. ವಿಜ್ಞಾನಿಗಳು ಬಯೋಫಿಲ್ಮ್ ಎನ್ನುತ್ತಾರೆ. ಹಲ್ಲಿನ ಮೇಲೆ ಕಟ್ಟುವ ಪಾಚಿಯೂ ಬಯೋಫಿಲ್ಮೇ. 1683ರಲ್ಲಿ ಡಚ್ ವರ್ತಕ ಆಂಟೊನಿ ವಾನ್ ಲೇವನ್‌ಹುಕ್ ತನ್ನ ಹಲ್ಲಿನಿಂದ ಕೆರೆದ ಬಿಳಿ ಪದಾರ್ಥವನ್ನು ಮಸೂರದಡಿ ಇಟ್ಟು, ಅದರಲ್ಲಿ ಜೀವಿಗಳು ಓಡಾಡುವುದನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದಿದ್ದ. ಬಾಯಿ ಮುಕ್ಕಳಿಸಿದರೆ ಹಲ್ಲಿನ ಪಾಚಿ ಹೋಗುವುದಿಲ್ಲ, ಉಜ್ಜಲೇಬೇಕು. ಕೊಳವೆಯ ವಿಷಯವೂ ಅಷ್ಟೇ. ನೀರು ತುಂಬಿ ಅಲ್ಲಾಡಿಸಿ ಚೆಲ್ಲಿದರೆ ತೊಳೆದಂತಾಗಲಿಲ್ಲ.

ಹಾಗಾಗಿ ಮೊದಲು ಬ್ರಷ್. ಉದ್ದನೆಯ ತಂತಿಯ, ತುದಿಯಲ್ಲಿ ಸಣ್ಣ ಕುಚ್ಚಿರುವ ಕೊಳವೆ ಬ್ರಷ್ ಸಿಗುತ್ತದೆ. ಚೀಲ, ಕೊಳವೆ, ವಾಲ್ವ್ ಮೂರನ್ನೂ ಬಿಡಿಸಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ ಉಜ್ಜಬೇಕು. ಕೊಳವೆಗೆ ಎರಡೂ ತುದಿಯಿಂದ ಬ್ರಷ್ ಹಾಕಿ. ಚೀಲದ ಮೂಲೆಗಳನ್ನೂ ಮುಚ್ಚಳದ ತಿರುಪನ್ನೂ ಮರೆಯಬೇಡಿ. ಕುದಿಯುವ ನೀರು ಸುರಿದರೆ ಎಲ್ಲ ಸತ್ತುಹೋಗುತ್ತದೆ ಎಂದು ಹಲವರು ನಂಬುತ್ತಾರೆ. ಆದರೆ ಇಂಥ ಬಹುಪಾಲು ಚೀಲಗಳು ಮೆದು ಪ್ಲಾಸ್ಟಿಕ್‌ನವು. ಅಷ್ಟು ಬಿಸಿಗೆ ಬೆಸುಗೆಯ ಅಂಚು ಸಡಿಲವಾಗಬಹುದು, ಚೀಲ ಸೊಟ್ಟಗಾಗಬಹುದು. ಎಷ್ಟು ಬಿಸಿ ತಡೆಯುತ್ತದೆಂದು ತಯಾರಕರ ಚೀಟಿಯಲ್ಲಿ ನೋಡಿಕೊಳ್ಳುವುದೇ ಸರಿ.

ಅಡುಗೆ ಸೋಡಾ ಹಾಕಿ ರಾತ್ರಿಯಿಡೀ ಇಟ್ಟರೆ ಪ್ಲಾಸ್ಟಿಕ್ ವಾಸನೆ, ಹುಳಿ ವಾಸನೆ ಇಳಿಯುತ್ತದೆ. ರೋಗಾಣು ಕೊಲ್ಲುವ ಶಕ್ತಿ ಅದಕ್ಕಿದೆ ಎಂದು ನಂಬಿಕೊಳ್ಳಬೇಡಿ. ಬೋರ್‌ವೆಲ್‌ನ ಗಡಸು ನೀರು ತುಂಬುವವರಿಗೆ ನಿಂಬೆರಸ ಹೆಚ್ಚು ಉಪಯೋಗಿ. ಒಳಗೋಡೆಗೆ ಕಟ್ಟುವ ಬಿಳಿ ಸುಣ್ಣದ ಪದರವನ್ನು ಅದು ಕರಗಿಸುತ್ತದೆ. ಆ ಒರಟು ಪದರವೇ ಲೋಳೆಗೆ ಹಿಡಿತ ಒದಗಿಸುವುದು.

ರೋಗಾಣು ಕೊಲ್ಲಲು ಕ್ಲೋರಿನ್ ಬೇಕು. ಪರಿಮಳ, ಬಣ್ಣ ಸೇರಿಸದ, ಸುಮಾರು ಶೇಕಡಾ 5ರಷ್ಟು ಸೋಡಿಯಂ ಹೈಪೋಕ್ಲೋರೈಟ್ ಇರುವ ದ್ರವ ಬ್ಲೀಚ್ ಅನ್ನು ಲೀಟರ್ ನೀರಿಗೆ ಮುಕ್ಕಾಲು ಟೀ ಚಮಚದಷ್ಟು, ಅಂದರೆ 4 ಮಿಲಿಲೀಟರಿಗಿಂತ ತುಸು ಕಡಿಮೆ, ಬೆರೆಸಬೇಕು. ಚೀಲ ತುಂಬಿ, ವಾಲ್ವ್ ಅನ್ನು ಬೆರಳಿನಿಂದ ಒತ್ತಿ ದ್ರಾವಣ ಕೊಳವೆಯ ಕೊನೆಯವರೆಗೆ ಹರಿಯುವಂತೆ ಮಾಡಿ, ಐದು ನಿಮಿಷ ಬಿಟ್ಟು ಚೆಲ್ಲಿ. ಆಮೇಲೆ ಕುಡಿಯುವ ನೀರಿನಲ್ಲಿ ಚೆನ್ನಾಗಿ ಜಾಲಿಸಿ. ಉಜ್ಜಿದ ಮೇಲೆಯೇ ಇದನ್ನು ಮಾಡಬೇಕು, ಯಾಕೆಂದರೆ ಕ್ಲೋರಿನ್ ತನ್ನ ಶಕ್ತಿಯನ್ನು ಎದುರಾದ ಕೊಳೆಯ ಮೇಲೆಲ್ಲ ಕಳೆದುಕೊಳ್ಳುತ್ತದೆ. ಲೋಳೆಯ ಅಡಿಯಲ್ಲಿ ಕೂತವರ ತನಕ ತಲುಪುವುದೇ ಇಲ್ಲ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಇದಕ್ಕೆ ಬೇಡ: ಅದರ ಸುಣ್ಣದ ಗಸಿ ಕೊಳವೆಯಲ್ಲಿ ನಿಲ್ಲುತ್ತದೆ, ಇಟ್ಟಷ್ಟೂ ಸತ್ವವೂ ಇಳಿಯುತ್ತದೆ. ಬ್ಲೀಚಿನ ಜೊತೆ ನಿಂಬೆರಸವನ್ನಾಗಲಿ, ವಿನೆಗರ್ ಆಗಲಿ, ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ ಎಂದೂ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ನಿಂಬೆಯ ಕೆಲಸ ಒಂದು ದಿನವಿರಲಿ, ಬ್ಲೀಚಿನದು ಬೇರೆ ದಿನ.

ಇಷ್ಟೆಲ್ಲ ಮಾಡಿಯೂ ಒದ್ದೆ ಚೀಲವನ್ನು ಮಡಚಿಟ್ಟರೆ ವಾರದೊಳಗೆ ಮತ್ತೆ ಅದೇ ಕಥೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಕಷ್ಟದ್ದೂ ಮುಖ್ಯವಾದದ್ದೂ ಒಣಗಿಸುವುದೇ. ಮಲೆನಾಡಿನ ಮಳೆಗಾಲದಲ್ಲಿ ಕುದುರೆಮುಖ ಹತ್ತಿಳಿದು ಬಂದವರ ಮನೆಯಲ್ಲಿ ಉಟ್ಟ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ, ಇನ್ನು ಒಂದು ಮೀಟರ್ ಉದ್ದದ ಕೊಳವೆ! ಚೀಲವನ್ನು ಬಾಯಿ ತೆರೆದು ತಲೆಕೆಳಗಾಗಿ ನೇತುಹಾಕಿ, ಎರಡು ಗೋಡೆ ಅಂಟದಂತೆ ನಡುವೆ ಶುಭ್ರವಾದ ಸ್ಟೀಲ್ ಸೌಟೊಂದನ್ನು ಸಿಕ್ಕಿಸಿ. ಕೊಳವೆಯ ಒಂದು ತುದಿ ಹಿಡಿದು ಅಂಗಳದಲ್ಲಿ ರಭಸದಿಂದ ಬೀಸಿ ನೀರು ಸಿಡಿಸಿ, ವಾಲ್ವ್ ತೆಗೆದು, ನೇರವಾಗಿ ತೂಗುಬಿಡಿ. ಫ್ಯಾನಿನ ಕೆಳಗಾದರೆ ಇನ್ನೂ ಒಳ್ಳೆಯದು. ಅಕ್ವೇರಿಯಂನ ಗಾಳಿ ಪಂಪ್ ಇದ್ದರೆ ಕೊಳವೆಗೆ ಜೋಡಿಸಿ ಕೆಲವು ಗಂಟೆ ಓಡಿಸಬಹುದು. ಬಿಸಿಲಲ್ಲಿ ದಿನಗಟ್ಟಲೆ ಬಿಡಬೇಡಿ, ಪ್ಲಾಸ್ಟಿಕ್ ಹಳದಿಗಟ್ಟಿ ಗಡುಸಾಗುತ್ತದೆ. ಒಣಗಿಸಲು ಸಾಧ್ಯವೇ ಇಲ್ಲದಿದ್ದರೆ, ನೀರು ಬಸಿದು ಫ್ರೀಜರ್‌ನಲ್ಲಿಡುವ ಉಪಾಯವಿದೆ. ಚಳಿ ರೋಗಾಣುಗಳ ಬೆಳವಣಿಗೆ ತಡೆಯುತ್ತದೆ, ಕೊಲ್ಲುವುದಿಲ್ಲ. ಹೊರತೆಗೆದ ಮೇಲೆ ಮತ್ತೊಮ್ಮೆ ತೊಳೆದೇ ತುಂಬಿ.

ಏನು ತುಂಬುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಪಾನಕ, ಓಆರ್‌ಎಸ್, ಹಲವು ಎಲೆಕ್ಟ್ರೊಲೈಟ್ ಪುಡಿಗಳಲ್ಲೂ ಸಕ್ಕರೆ ಇರುತ್ತದೆ. ಲೀಟರ್ ಓಆರ್‌ಎಸ್‌ನಲ್ಲಿ 13.5 ಗ್ರಾಂ ಗ್ಲೂಕೋಸ್ ಇದೆ, ಕಲಸಿದ ದ್ರಾವಣವನ್ನು 24 ಗಂಟೆಯೊಳಗೆ ಮುಗಿಸಬೇಕೆಂಬ ನಿಯಮವೂ ಇದೆ. ಚೀಲಕ್ಕೆ ಬರೀ ನೀರು, ಓಆರ್‌ಎಸ್‌ಗೆ ಬೇರೆ ಬಾಟಲಿ ಎಂದಿಟ್ಟುಕೊಂಡರೆ ತೊಳೆಯುವ ಕೆಲಸ ಅರ್ಧ ಹಗುರ. ಸಿಹಿ ತುಂಬಿದ್ದರೆ ಮನೆ ಮುಟ್ಟಿದ ಸಂಜೆಯೇ ತೊಳೆಯಬೇಕು, ಮರುದಿನಕ್ಕೆ ಬಿಡಬಾರದು. ಉಜ್ಜಿ, ಬ್ಲೀಚ್ ಹಾಕಿದ ಮೇಲೂ ಕೊಳವೆಯ ಕಪ್ಪು ಚುಕ್ಕೆ ಉಳಿದರೆ, ಅದು ಸತ್ತ ಬೂಷ್ಟಿನ ಕಲೆಯೋ ಬದುಕಿರುವುದೋ ಬರಿಗಣ್ಣಿಗೆ ತಿಳಿಯುವುದಿಲ್ಲ. ಆಗ ಕೊಳವೆಯನ್ನೇ ಬದಲಿಸಿ. ಹಲವು ಕಂಪನಿಗಳ ಕೊಳವೆ, ವಾಲ್ವ್ ಬಿಡಿಯಾಗಿ ಸಿಗುತ್ತವೆ, ಇಡೀ ಚೀಲ ಕೊಳ್ಳಬೇಕಾಗಿಲ್ಲ.